ಬ್ಯಾಟರಿಯ ದುರ್ವಾಸನೆ: ಅಲಕ್ಷ್ಯ ಮಾಡಬೇಡಿ

ಸಾರಕ್ಕಿ, ಜರಗನಹಳ್ಳಿ, ಯಲಚೇನಹಳ್ಳಿ, ಕತ್ರಿಗುಪ್ಪೆ, ತಾವರೆಕೆರೆ ಇವೆಲ್ಲ ಹಿಂದೆ ಹೊಲ ಗದ್ದೆಗಳ ನಡುವೆ ಇದ್ದ ಹಳ್ಳಿಗಳು. ಈಗ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಅವನ್ನು ಸುತ್ತುವರಿದಿವೆ. ಆದರೂ ಹಸು ಕಟ್ಟಿ ಹಾಲು ಮಾರುವ ಮನೆಗಳು ಅಲ್ಲಿ ಇನ್ನೂ ಇವೆ. ಅಲ್ಲಿಂದ ಕನಕಪುರದ ದಾರಿ ಹಿಡಿದರೆ ಹಿಪ್ಪುನೇರಳೆ ತೋಟಗಳು ಸಿಗುತ್ತವೆ. ಈ ಮನೆಗಳಲ್ಲಿ ಈಗ ಸಾಮಾನ್ಯವಾಗಿ ಕಾಣುವ ವಸ್ತು ಒಂದಿದೆ, ಇನ್ವರ್ಟರಿನ ಬ್ಯಾಟರಿ. ಕರೆಂಟು ಹೋದಾಗ ದೀಪ, ಫ್ಯಾನು ನಡೆಸುವುದು ಅದೇ. ಟ್ರ್ಯಾಕ್ಟರಿನಲ್ಲಿ ಇರುವುದೂ ಅದರ ಜಾತಿಯದೇ. ಅಡಿಗೆ, ಹಾಸಿಗೆ ಎಲ್ಲವನ್ನೂ ಹೊತ್ತು ಊರೂರು ತಿರುಗುವ ಮನೆಗಾಡಿಗಳಲ್ಲೂ ದೀಪ ಉರಿಸುವುದು ಬಹಳ ಮಟ್ಟಿಗೆ ಇಂಥ ಬ್ಯಾಟರಿಯೇ.

ಒಂದು ದಿನ ಮನೆಯಲ್ಲಿ ಕೊಳೆತ ಮೊಟ್ಟೆಯಂಥ ನಾತ ಹುಟ್ಟುತ್ತದೆ. ಇಲಿ ಸತ್ತಿರಬೇಕು ಅಂತ ಅಟ್ಟ ಹುಡುಕುತ್ತೇವೆ, ಮೋರಿ ತೊಳೆಯುತ್ತೇವೆ. ಮೂಲೆಯ ಬ್ಯಾಟರಿಯ ಕಡೆ ಯಾರೂ ನೋಡುವುದಿಲ್ಲ. ‘ಸ್ವಾಮಿ, ಬ್ಯಾಟರಿಗೆ ವಾಸನೆ ಎಲ್ಲಿಂದ ಬರಬೇಕು?’ ಎಂದು ನೀವು ಕೇಳಬಹುದು. ಹೇಳುತ್ತೇನೆ, ಕೇಳಿ.

ಈ ಬ್ಯಾಟರಿಯೊಳಗೆ ಸೀಸದ ತಟ್ಟೆಗಳು ಗಂಧಕಾಮ್ಲ ಬೆರೆತ ನೀರಿನಲ್ಲಿ ಮುಳುಗಿರುತ್ತವೆ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಎಂಬ ವಿಜ್ಞಾನಿ ಕಂಡುಹಿಡಿದ ಕ್ರಮ ಇದು. ಚಾರ್ಜು ತುಂಬುತ್ತಾ ಬಂದಂತೆ ನೀರು ಒಡೆದು ಜಲಜನಕ, ಆಮ್ಲಜನಕ ಹೊರಡುತ್ತವೆ. ಇವಕ್ಕೆ ವಾಸನೆಯಿಲ್ಲ. ಆದರೆ ಗಾಳಿಯಲ್ಲಿ ನೂರಕ್ಕೆ 4 ಪಾಲು ಜಲಜನಕ ಸೇರಿದರೆ ಸಾಕು, ಒಂದು ಕಿಡಿಗೇ ಸಿಡಿಯಬಲ್ಲದು. ಚಾರ್ಜು ಅತಿಯಾಗಿ ಬ್ಯಾಟರಿ ಕಾದಾಗ ಆಮ್ಲದಲ್ಲಿರುವ ಗಂಧಕದಿಂದ ಇನ್ನೊಂದು ಅನಿಲ ಹುಟ್ಟುತ್ತದೆ. ಅದರ ಹೆಸರು ಹೈಡ್ರೊಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ನಾತ ಅದರದೇ, ಮತ್ತು ಅದು ವಿಷ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಈ ಅನಿಲ ಹೆಚ್ಚಾದಾಗ ಮೂಗನ್ನೇ ಮಂಕು ಮಾಡುತ್ತದೆ. ಮೊದಲು ಜೋರಾಗಿ ಬಂದ ನಾತ ಆಮೇಲೆ ತಾನಾಗಿ ನಿಂತರೆ ಗಾಳಿ ಶುದ್ಧವಾಯಿತು ಎಂದು ತಿಳಿಯಬೇಡಿ, ಮೂಗು ಸೋತಿರಬಹುದು. ಇದು ಗಾಳಿಗಿಂತ ಭಾರ, ಆದ್ದರಿಂದ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ನೆಲದ ಮೇಲೆ ಮಲಗುವವರು ಯಾರು? ನಮ್ಮ ಮಕ್ಕಳು, ಮುದುಕರು. ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ ಇಡಬಾರದು ಎನ್ನುವುದು ಈ ಕಾರಣಕ್ಕೆ.

ವಾಸನೆ ಬಂದಾಗ ಹೀಗೆ ಮಾಡಿ. ಅಡಿಗೆ ಅನಿಲ ಸೋರಿದಾಗಲೂ ಇಂಥದೇ ಕೆಟ್ಟ ವಾಸನೆ ಬರುವುದರಿಂದ, ಯಾವುದೆಂದು ತಿಳಿಯುವವರೆಗೂ ಎರಡಕ್ಕೂ ಒಂದೇ ಎಚ್ಚರಿಕೆ ಇರಲಿ. ಬೆಂಕಿಕಡ್ಡಿ ಗೀರಬೇಡಿ. ಮನೆಯೊಳಗಿನ ಯಾವ ಸ್ವಿಚ್ಚನ್ನೂ ಒತ್ತಬೇಡಿ, ಫ್ಯಾನು ಸಹ ಹಾಕಬೇಡಿ. ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಮೇನ್ ಸ್ವಿಚ್ಚು ಹೊರಗೋಡೆಯಲ್ಲಿದ್ದರೆ ಆರಿಸಿ, ಚಾರ್ಜಾಗುವುದು ನಿಲ್ಲುತ್ತದೆ. ತಲೆ ಸುತ್ತು, ಕಣ್ಣುರಿ, ವಾಂತಿ ಇದ್ದವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಾತ ಜೋರಾಗಿದ್ದರೆ ಒಳಗೆ ಮತ್ತೆ ಹೋಗದೆ, ಹೊರಗಿನಿಂದಲೇ 112ಕ್ಕೆ ಫೋನು ಮಾಡಿ.

ಚೆನ್ನಾಗಿ ಗಾಳಿಯಾಡಿ, ಬ್ಯಾಟರಿ ಆರಿದ ಮೇಲೆ ಕಾರಣ ಹುಡುಕಬೇಕು. ಡಬ್ಬಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಇನ್ನೂ ಬಿಸಿಯಿದ್ದರೆ ಮುಟ್ಟಲೇಬೇಡಿ, ಮೆಕ್ಯಾನಿಕ್ಕನ್ನು ಕರೆಸಿ. ಅವರು ಬಂದಾಗ ಮೂರು ವಿಷಯ ಕೇಳಿ.

ಒಂದು, ನೀರು ಇಳಿದಿದೆಯೆ? ತಟ್ಟೆ ಬರಿದಾದರೆ ಬ್ಯಾಟರಿ ಕಾಯುತ್ತದೆ.

ಎರಡು, ಒಂದು ಕೋಣೆ ಕೆಟ್ಟಿದೆಯೆ? 12 ವೋಲ್ಟಿನ ಬ್ಯಾಟರಿಯಲ್ಲಿ 6 ಕೋಣೆಗಳಿರುತ್ತವೆ. ಚಾರ್ಜು ತುಂಬಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟು ತೋರಿಸಬೇಕು. 10.5ರ ಹತ್ತಿರ ನಿಂತರೆ ಒಂದು ಕೋಣೆ ಸತ್ತಿರುವ ಸಂಭವ ಹೆಚ್ಚು. ಚಾರ್ಜರು ಅದನ್ನು ತುಂಬಿಸಲು ಹೋಗಿ ಉಳಿದ ಐದನ್ನೂ ಕುದಿಸುತ್ತದೆ. ಅಂಥ ಬ್ಯಾಟರಿಯನ್ನು ಬದಲಾಯಿಸಲೇಬೇಕು.

ಮೂರು, ಚಾರ್ಜರೇ ಕೆಟ್ಟಿದೆಯೆ? ಚಾರ್ಜಾಗುವಾಗ ಸಾಮಾನ್ಯವಾಗಿ 14.4 ವೋಲ್ಟಿನ ಆಸುಪಾಸು ಇರಬೇಕು. 15 ದಾಟಿ ಅಲ್ಲೇ ನಿಂತರೆ ದೋಷ ಇನ್ವರ್ಟರಿನದು. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಕೂರಿಸಿದರೆ ಹಣ ನೀರಿಗೆ ಹಾಕಿದಂತೆ.

ಬೇರೆ ವಾಸನೆಗಳೂ ಉಂಟು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ತಂತಿಯ ಬಿಗಿ ಸಡಿಲವಾಗಿ ಕಾಯುತ್ತಿರಬಹುದು. ಗಂಟಲು ಕೆರೆಯುವ ಘಾಟು ಬಂದರೆ ಆಮ್ಲದ ಹನಿ ಗಾಳಿಗೆ ಸೇರುತ್ತಿದೆ. ವಿದ್ಯುತ್ ಸ್ಕೂಟರಿನಲ್ಲಿರುವ ಲಿಥಿಯಂ ಬ್ಯಾಟರಿಯಿಂದ ಸಿಹಿಯಾದ ಅಥವಾ ಬಣ್ಣದ ತಿನ್ನರಿನಂಥ ವಾಸನೆ ಬಂದರೆ ಹತ್ತಿರ ನಿಲ್ಲದೆ ಹೊರಗೆ ಓಡಿ, ಅಗ್ನಿಶಾಮಕದವರನ್ನು ಕರೆಯಿರಿ.

ಇನ್ನು ಆರೈಕೆಯ ಮಾತು. ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ. ಬೇಸಗೆಯಲ್ಲಿ ಇನ್ನೂ ಬೇಗ ನೋಡಬೇಕು. ಅಂಗಡಿಯ ಡಿಸ್ಟಿಲ್ಡ್ ನೀರನ್ನೇ ಗುರುತಿನವರೆಗೆ ಹಾಕಿ, ಕೊಳವೆಬಾವಿಯ ನೀರು ಬೇಡ. ಆಮ್ಲವನ್ನು ನೀವಾಗಿ ಸುರಿಯಬೇಡಿ. ಮೈಗೋ ಕಣ್ಣಿಗೋ ಆಮ್ಲ ತಾಗಿದರೆ ಕಾಲು ಗಂಟೆ ಧಾರಾಳವಾಗಿ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ನೆಲಕ್ಕೆ ಚೆಲ್ಲಿದ್ದರೆ ಅಡಿಗೆ ಸೋಡ ಉದುರಿಸಿ. ಬ್ಯಾಟರಿಗೆ ಗಾಳಿಯಾಡುವ ಪಡಸಾಲೆ ಒಳ್ಳೆಯ ಜಾಗ. ಹುಳು ಮನೆಯಲ್ಲಿ ಅದನ್ನು ಇಡಬೇಡಿ, ರೇಷ್ಮೆ ಹುಳು ವಿಷದ ಗಾಳಿ ತಡೆಯಲಾರದು. ಕೊಟ್ಟಿಗೆಯೂ ಬೇಡ, ಅಲ್ಲಿ ಸಗಣಿ ಗಂಜಳದ ನಡುವೆ ಬ್ಯಾಟರಿಯ ನಾತ ಗೊತ್ತಾಗುವುದೇ ಇಲ್ಲ.

ಸತ್ತ ಬ್ಯಾಟರಿಯನ್ನು ಹಿತ್ತಿಲಲ್ಲಿ ಒಡೆಯಬೇಡಿ. ಸೀಸದ ಧೂಳು ಮಕ್ಕಳ ಬುದ್ಧಿ ಬೆಳವಣಿಗೆಗೆ ಕೇಡು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಡಿ, ಬೆಲೆಯಲ್ಲಿ ಸ್ವಲ್ಪ ಕಡಿತವೂ ಸಿಗುತ್ತದೆ.

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಈ ಸಂಜೆಯೇ ನಿಮ್ಮ ಬ್ಯಾಟರಿ ಎಲ್ಲಿದೆ, ಅದರ ಪಕ್ಕದಲ್ಲಿ ಯಾರು ಮಲಗುತ್ತಾರೆ ಎಂದು ಒಮ್ಮೆ ನೋಡಿ. ಜಾಗ ಬದಲಾಯಿಸಬೇಕಾದರೆ ನಾಳೆಯೇ ಮೆಕ್ಯಾನಿಕ್ಕಿಗೆ ಹೇಳಿ. ಅಲ್ಲಿಯವರೆಗೆ ಮಕ್ಕಳ ಹಾಸಿಗೆಯನ್ನಾದರೂ ಬೇರೆ ಕಡೆ ಹಾಕಿ.