ಭರವಸೆಯೆಂಬ ಕಾಯಕ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)

 

ಕಾಲ ಕೆಟ್ಟಿತು, ಇನ್ನು ಒಳ್ಳೆಯದೆಲ್ಲಿಯದು ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತಿರುವುದು. ಹೀಗೆಂದು ಕೈಕಟ್ಟಿ ಕುಳಿತವರ ಬಳಿಗೆ ಭರವಸೆಯು ತಾನಾಗಿ ಬರಲಾರದು. ಅದು ದಿನದಿನವೂ ಮಾಡತಕ್ಕ ಕಾಯಕ; ಸಣ್ಣ ಉಪಕಾರವೇ ಅದರ ಸಾಧನ. ಘಟ್ಟದ ಕೆಳಗಣ ತುಳುನಾಡಿನ ಮೂರು ದೃಷ್ಟಾಂತಗಳಿಂದ ಇದನ್ನು ನಿವೇದಿಸುವೆನು.

ಮೊದಲನೆಯದು ಬಂಟ್ವಾಳ ತಾಲೂಕಿನದು. ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ತೆಂಗು ಅಡಿಕೆಯ ಮರಗಳನ್ನೇರಿ ಜೀವಿಸುತ್ತಿದ್ದ ಕೂಲಿಕಾರರು. ಜಮೀನುದಾರರೊಬ್ಬರು ಅವರಿಗೆ ಎರಡೆಕರೆ ಗುಡ್ಡವನ್ನು ಕೊಟ್ಟರು. ಅಲ್ಲಿ ನೀರಿರಲಿಲ್ಲ. ಕೂಲಿಯ ಕೆಲಸವು ಮುಗಿದ ಬಳಿಕ ನಾಯ್ಕರು ಒಬ್ಬರೇ ಗುಡ್ಡದ ಒಡಲನ್ನು ಕೊರೆದು ಸುರಂಗ ತೋಡಿದರು. ಒಂದಾದ ಮೇಲೊಂದರಂತೆ ಹಲವು ಸುರಂಗಗಳು ವ್ಯರ್ಥವಾದರೂ ಬಿಡದೆ ತೋಡಿ ಕಡೆಗೆ ನೀರನ್ನು ಪಡೆದರು, ಬೋಳುಗುಡ್ಡವು ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಲೋಕವು ನಾಯ್ಕರ ಛಲವನ್ನು ಕೊಂಡಾಡಿದುದು ಯುಕ್ತವೇ. ಆದರೆ ಆ ಛಲವು ಕಾಲೂರಲು ಒಬ್ಬರು ನಂಬಿ ಕೊಟ್ಟ ನೆಲವೂ ಬೇಕಾಯಿತಲ್ಲವೆ? ಒಬ್ಬರಿಗೆ ಬರಡಾಗಿ ತೋರುವ ವಸ್ತುವೇ ಇನ್ನೊಬ್ಬರ ಬಾಳಿಗೆ ಆಧಾರವಾಗಬಹುದು.

ಎರಡನೆಯದು ಬೆಳ್ತಂಗಡಿಯದು. 2019ನೆಯ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿಯ ಮಲೆಯಿಂದಿಳಿದ ಮಹಾಪೂರವು ಮರದ ದಿಮ್ಮಿಗಳನ್ನೂ ಹೂಳನ್ನೂ ತಂದು ತೋಟ ಮನೆಗಳ ಮೇಲೆ ಸುರಿಯಿತು. ಆಗ ಉಜಿರೆಯ ಕಡೆಯ ಉತ್ಸಾಹಿಗಳು "ಬದುಕು ಕಟ್ಟೋಣ ಬನ್ನಿ" ಎಂಬ ಹೆಸರಿನಿಂದ ಕೂಡಿದರು. ವಿದ್ಯಾರ್ಥಿಗಳೂ ಅವರೊಡನೆ ಕೈಜೋಡಿಸಿ ಕೊಳಂಬೆಯಲ್ಲಿ ಹೂಳು ತೆಗೆದರು. ಒಂದು ಬುಟ್ಟಿ ಹೂಳನ್ನೆತ್ತಿದ ಮಾತ್ರಕ್ಕೆ ತೋಟವು ಹಸನಾಗದು, ನಿಜ. ಆದರೆ ಕಂಗೆಟ್ಟು ನಿಂತ ಬೇಸಾಯಗಾರನು ತನ್ನ ಅಂಗಳದಲ್ಲಿ ಗುರುತಿಲ್ಲದವನೊಬ್ಬನು ಬುಟ್ಟಿ ಹೊರುವುದನ್ನು ಕಂಡೊಡನೆ ತಾನೂ ಗುದ್ದಲಿಯನ್ನು ಕೈಗೆ ತೆಗೆದುಕೊಳ್ಳುವನು. ಬುಟ್ಟಿಯ ಬೆಲೆಯು ಅಲ್ಲಿಯೇ ಇರುವುದು.

ಮೂರನೆಯದು ಮೂಡಬಿದಿರೆಯದು. 1430ರಲ್ಲಿ ಕಟ್ಟಲ್ಪಟ್ಟ ಸಾವಿರ ಕಂಬದ ಬಸದಿಯ ಆ ಊರು ಜೈನರ ಪುಣ್ಯಕ್ಷೇತ್ರ. ಜೈನರು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕು ಬಗೆಯಾಗಿ ಹೇಳುವರು. ಮೊದಲ ಮೂರಕ್ಕೆ ಅಷ್ಟಿಷ್ಟು ಅನುಕೂಲವು ಬೇಕು. ಅಭಯಕ್ಕಾದರೋ ಹಣವೂ ಬೇಡ, ಕಣಜವೂ ಬೇಡ; ಅಂಜಿದವನೊಡನೆ "ನಾನಿದ್ದೇನೆ, ಹೆದರಬೇಡ" ಎಂದು ನುಡಿದು, ನುಡಿದಂತೆ ನಿಂತರೆ ಸಾಕು. ಬಿಸಿಲಲ್ಲಿ ಬಂದವನಿಗೆ ಮೊದಲು ಬೆಲ್ಲವನ್ನೂ ನೀರನ್ನೂ ಕೊಡುವ ಆ ಸೀಮೆಯ ರೂಢಿಯೂ ಇಂಥದೇ. ಅದು ಬಡವರ ಮನೆಯಲ್ಲಿಯೂ ನಡೆಯುವುದು.

ಶರಣರೇ, ನಮ್ಮ ದಾಸೋಹದ ಮರ್ಮವೂ ಇದಲ್ಲದೆ ಬೇರೆಯಲ್ಲ. ಆದರೆ ಒಂದು ಎಚ್ಚರಿಕೆ ಇರತಕ್ಕದ್ದು. ಕೊಟ್ಟೆನೆಂಬ ಹಮ್ಮು ತಲೆದೋರಿತೆಂದರೆ ಪಡೆದವನು ತಲೆತಗ್ಗಿಸುವನು. ಅವನ ಹೊಟ್ಟೆ ತುಂಬಿದರೂ ಭರವಸೆಯು ಕುಂದುವುದು. ಹಮ್ಮಿನಿಂದ ಕೊಡುವುದು ದಾನವೆನಿಸಬಹುದು, ದಾಸೋಹವೆನಿಸದು.

ಮಹೋತ್ಸವದ ಚಪ್ಪರವು ನಾಳೆ ಇಳಿಯುವುದು. ನಮ್ಮ ಓಣಿಯಲ್ಲಿ ಹಾಸಿಗೆ ಹಿಡಿದ ವೃದ್ಧರಿರಬಹುದು. ಓದಲು ಬಾರದೆ ಕಚೇರಿಯ ಕಾಗದವನ್ನು ಕೈಯಲ್ಲಿ ಹಿಡಿದು ಅಲೆಯುವ ವಿಧವೆಯಿರಬಹುದು. ಬೆಳೆ ಹೋಗಿ ಯಾರೊಡನೆಯೂ ಮಾತಾಡದೆ ಕುಳಿತ ರೈತನಿರಬಹುದು. ಊರಿಗೆ ಮರಳಿದೊಡನೆ ಅವರಲ್ಲೊಬ್ಬರ ಮನೆಯ ಹೊಸ್ತಿಲಿಗೆ ಹೋಗಿ ಅರ್ಧ ಗಳಿಗೆ ಕುಳಿತು ಬನ್ನಿರಿ. ಅವರಿಗೆ ಭರವಸೆಯನ್ನು ಕೊಟ್ಟು ಬರುವೆವೆಂದು ಹೋದ ನಾವೇ ಅದನ್ನು ಪಡೆದು ಮರಳುವೆವು.