ದಾಖಲಾತಿ ಪುಸ್ತಕದಿಂದ ಶುರುವಾಗಲಿ



ಕೊಡಗಿನ ಕಥೋಲಿಕ ಪ್ರೌಢಶಾಲೆಗಳ ಚರಿತ್ರೆ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯನ್ನು. ಸ್ಥಾಪಕ ಗುರುಗಳ ಭಾವಚಿತ್ರ, ಶಂಕುಸ್ಥಾಪನೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಎಲ್ಲ ಅದರಲ್ಲಿ ಸಿಗುತ್ತವೆ. ಬೆಂಚಿನ ಮೇಲೆ ಕೂತು ಕಲಿತವರು ಯಾರು ಎಂಬುದು ಮಾತ್ರ ಸಿಗುವುದಿಲ್ಲ. ಈ ವಿಚಾರ ಸಂಕಿರಣ ಅವರನ್ನು ಹುಡುಕಲಿ ಎಂಬುದೇ ನನ್ನ ಆಶಯ.

ವಿರಾಜಪೇಟೆಯನ್ನು ನೋಡೋಣ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. 1792ರಲ್ಲಿ ಅವನು ಕಟ್ಟಿಸಿದ ಪೇಟೆಯಲ್ಲೇ ಅವರು ನೆಲೆ ನಿಂತರು. ಲಿಂಗಾಯತ ಅರಸನೊಬ್ಬನ ನೆರಳಿನಲ್ಲಿ ಬೇರುಬಿಟ್ಟ ಸಮುದಾಯ ಅದು. ಸಂತ ಅನ್ನಮ್ಮನವರ ದೇವಾಲಯವೂ ಆ ಹೆಸರಿನ ಶಾಲೆಯೂ ಈ ಹಿನ್ನೆಲೆಯವು. ಮಡಿಕೇರಿಯ ಸಂತ ಮೈಕಲರ ಶಾಲೆಯನ್ನೂ ಸಂತ ಜೋಸೆಫರ ಕಾನ್ವೆಂಟನ್ನೂ ಇದರ ಜೊತೆಗಿಟ್ಟೇ ನೋಡಬೇಕು.

ಪ್ರಾಟೆಸ್ಟಂಟರ ಬಾಸೆಲ್ ಮಿಷನ್ನಿನ ಮೋಗ್ಲಿಂಗ್, ರಿಕ್ಟರ್ ಅವರ ಕೊಡಗಿನ ಕೆಲಸ ನಮಗೆ ಚೆನ್ನಾಗಿ ಗೊತ್ತು. ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನೇ ಬರೆದರು. ಕಥೋಲಿಕರ ಕಡೆ ಹಾಗಲ್ಲ. ಕೊಡಗು ಸೇರಿದ ಮೈಸೂರು ಧರ್ಮಪ್ರಾಂತ್ಯವನ್ನು ಬಹುಕಾಲ ನಡೆಸಿದವರು ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಪಾದ್ರಿಗಳು. ಅವರ ಪತ್ರಗಳು ಫ್ರೆಂಚಿನಲ್ಲಿವೆ, ದೂರದಲ್ಲಿವೆ. ಅವು ನಮ್ಮ ಕೈಗೆ ಬರುವವರೆಗೆ ಕಾಯಬೇಕಾಗಿಲ್ಲ. ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ ದಾಖಲಾತಿ ಪುಸ್ತಕ ಇದ್ದೇ ಇರುತ್ತದಲ್ಲ!

ಅದರ ಅಂಕಣಗಳನ್ನು ಒಮ್ಮೆ ಗಮನವಿಟ್ಟು ಓದಿ. ಮಗುವಿನ ಹೆಸರು, ಜನ್ಮ ದಿನಾಂಕ, ತಂದೆಯ ಹೆಸರು, ಉದ್ಯೋಗ, ಜಾತಿ, ಮಾತೃಭಾಷೆ, ಊರು, ಕೊನೆಗೆ ಶಾಲೆ ಬಿಟ್ಟ ಕಾರಣ. ಮಡಿಕೇರಿಯ ಬಳಿ 1854ರಲ್ಲಿ ಯುರೋಪಿಯನ್ ತೋಟಗಾರ ಫೌಲರ್ ಕಾಫಿ ತೋಟ ಮಾಡಿದ ಮೇಲೆ ಈ ಜಿಲ್ಲೆಗೆ ಯಾರು ಯಾರು ದುಡಿಯಲು ಬಂದರು, ತೋಟದ ಕಾರ್ಮಿಕರ ಲೈನ್‌ಮನೆಯ ಮಗು ಯಾವ ತರಗತಿಯವರೆಗೆ ತಲುಪಿತು, ತೋಟದ ಮಾಲೀಕನ ಮಗು ಎಲ್ಲಿಗೆ ಹೋಯಿತು ಎಂಬುದನ್ನು ಈ ಅಂಕಣಗಳಲ್ಲೇ ಹುಡುಕಬೇಕು. ಕೊಡವ ತಕ್ಕ್, ಅರೆಭಾಷೆ, ಕೊಂಕಣಿ, ತಮಿಳು, ಮಲಯಾಳ ಮನೆಮಾತಿನ ಮಕ್ಕಳು ಒಂದೇ ಕೋಣೆಯಲ್ಲಿ ಕನ್ನಡ ಪಾಠ ಕೇಳಿದ್ದು ಸಣ್ಣ ಸಂಗತಿಯಲ್ಲ. ಹಾಜರಿ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಡಿಸೆಂಬರ್, ಜನವರಿಯ ಕಾಫಿ ಕುಯ್ಲಿನ ದಿನಗಳಲ್ಲಿ ಯಾರ ಹೆಸರಿನ ಮುಂದೆ ಗೈರುಹಾಜರಿ ಹೆಚ್ಚುತ್ತದೆಂದು ನೋಡಿ. 'ಶಾಲೆ ಬಿಟ್ಟ ಕಾರಣ' ಎಂಬ ಅಂಕಣವನ್ನು ಹೆಣ್ಣುಮಕ್ಕಳ ಮಟ್ಟಿಗೆ ಪ್ರತ್ಯೇಕವಾಗಿ ಓದಬೇಕು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ.

ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಈ ಶಾಲೆಗಳ ಅನುದಾನ, ಪಠ್ಯ, ಶಿಕ್ಷಕರ ಸೇವಾ ನಿಯಮಗಳ ಮೇಲೆ ಅದರ ಪರಿಣಾಮವನ್ನು ಎರಡನೆಯ ಗೋಷ್ಠಿಯವರು ಚರ್ಚಿಸಲಿದ್ದಾರೆ.

ನಮ್ಮ ಮಳೆ ಕಾಗದವನ್ನು ಉಳಿಸುವುದಿಲ್ಲ. ಬೂಷ್ಟು ಹಿಡಿದ ಪುಸ್ತಕ ಮರುವರ್ಷ ಪುಡಿಯಾಗುತ್ತದೆ. ಆದ್ದರಿಂದ ಸಮಾರೋಪಕ್ಕೆ ಮೊದಲು ಯಾವ ಶಾಲೆಯ ಯಾವ ಪುಸ್ತಕವನ್ನು ಯಾರು ಸ್ಕ್ಯಾನ್ ಮಾಡುತ್ತಾರೆ ಎಂಬ ಪಟ್ಟಿ ಸಿದ್ಧವಾಗಬೇಕು. ಮೊದಲು ಆಡಳಿತ ಮಂಡಳಿಯ ಒಪ್ಪಿಗೆ ಪಡೆಯಿರಿ. ಜಾತಿ, ಜನ್ಮ ದಿನಾಂಕ ಇರುವ ದಾಖಲೆ ಅದು; ಮಕ್ಕಳ ಹೆಸರನ್ನು ಎಲ್ಲಿಯೂ ಅಚ್ಚು ಹಾಕಕೂಡದು. ಈ ಮಳೆಗಾಲಕ್ಕೆ ಮುಂಚೆ ಕೆಲಸ ಆರಂಭವಾಗಲಿ.