ಸಣ್ಣ ಶಾಲೆಯ ಕಲಿಕೆ: ವಿಲೆ ಪಾರ್ಲೆಯ ನೆಲೆಯಲ್ಲಿ

ಮುಂಬಯಿಯ ಪಶ್ಚಿಮ ಉಪನಗರವಾದ ವಿಲೆ ಪಾರ್ಲೆಯು ವಿದ್ಯಾಸಂಸ್ಥೆಗಳಿಗೆ ಹೆಸರಾದ ಸ್ಥಳ. ಲೋಕಮಾನ್ಯ ತಿಲಕರು 1920ರ ಆಗಸ್ಟ್ 1ರಂದು ಮುಂಬಯಿಯಲ್ಲಿ ನಿಧನರಾದರು; ಮರುವರ್ಷವೇ ಅವರ ಸ್ಮರಣಾರ್ಥವಾಗಿ ಇಲ್ಲಿ ಪಾರ್ಲೆ ತಿಲಕ್ ವಿದ್ಯಾಲಯವು ಸ್ಥಾಪನೆಗೊಂಡಿತು. ಮರಾಠಿಯ ಜನಪ್ರಿಯ ಲೇಖಕ ಪು. ಲ. ದೇಶಪಾಂಡೆಯವರು ವಿದ್ಯಾಭ್ಯಾಸ ಮಾಡಿದ್ದು ಆ ಶಾಲೆಯಲ್ಲಿಯೇ. ಅನಂತರದ ದಶಕಗಳಲ್ಲಿ ದೊಡ್ಡ ಶಾಲೆಗಳೂ ಕಾಲೇಜುಗಳೂ ಬೆಳೆದವು. ಆದರೆ ಪ್ರಾಥಮಿಕ ಶಿಕ್ಷಣದ ಪ್ರಶ್ನೆಯನ್ನು ದೊಡ್ಡ ಕಟ್ಟಡಗಳ ಕಡೆಯಿಂದಲ್ಲ, ಐವತ್ತು ಅರವತ್ತು ಮಕ್ಕಳಿರುವ ಸಣ್ಣ ಶಾಲೆಯ ಕಡೆಯಿಂದ ನೋಡುವುದು ಉಚಿತ. ಅಲ್ಲಿ ಕಲಿಯುವ ಮಗುವಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು ಸಾಮಾನ್ಯವಾಗಿ ಇರುವುದಿಲ್ಲ. ತರಗತಿಯಲ್ಲಿ ಏನು ನಡೆಯುತ್ತದೆಯೋ ಅಷ್ಟೇ ಅದರ ವಿದ್ಯೆ.

ಬೃಹನ್ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳ ಮಾಧ್ಯಮದಲ್ಲಿ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತ ಬಂದಿದೆ. ಅವುಗಳಲ್ಲಿ ಕನ್ನಡವೂ ಒಂದು. ಪುಣೆಯ ಬಾಲಭಾರತಿ ಸಂಸ್ಥೆಯು 1967ರಲ್ಲಿ ಸ್ಥಾಪಿತವಾಗಿ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಕನ್ನಡದಲ್ಲಿಯೂ ಪ್ರಕಟಿಸುತ್ತಿದೆ. ಕರಾವಳಿಯಿಂದ ಹೋಟೆಲಿನ ಕೆಲಸಕ್ಕೆ ಬಂದವರ, ಕಲಬುರಗಿ ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿಗೆ ಈ ಶಾಲೆಗಳು ಆಶ್ರಯವಾದವು. ಇತ್ತೀಚಿನ ವರ್ಷಗಳಲ್ಲಿ ಕನ್ನಡ ಮಾಧ್ಯಮಕ್ಕೆ ಸೇರುವ ಮಕ್ಕಳ ಸಂಖ್ಯೆ ಇಳಿಮುಖವಾಗಿದೆ. ಇಂಗ್ಲಿಷಿನ ಆಕರ್ಷಣೆ ಇದಕ್ಕೆ ಕಾರಣವೆನ್ನುವುದು ವಾಡಿಕೆ. ಅದು ನಿಜ, ಆದರೆ ಪೂರ್ಣ ನಿಜವಲ್ಲ. ನಾಲ್ಕು ವರ್ಷ ಶಾಲೆಗೆ ಹೋದ ಮಗುವಿಗೆ ಬಸ್ಸಿನ ಫಲಕವನ್ನೂ ಓದಲು ಬಾರದಿದ್ದರೆ, ತಂದೆತಾಯಿಗಳು ಶಾಲೆಯನ್ನು ಬದಲಾಯಿಸುವುದು ಸಹಜ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸತಕ್ಕದ್ದೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿ ಇದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮನೆಮಾತಿನ ಮೂಲಕ ಕಲಿಸುವುದಕ್ಕೆ ಒತ್ತು ಕೊಟ್ಟಿದೆ. ಆದರೆ ಮುಂಬಯಿಯ ಕನ್ನಡ ತರಗತಿಯಲ್ಲಿ ಮನೆಮಾತು ಒಂದೇ ಎನ್ನುವಂತಿಲ್ಲ. ಒಂದು ಮಗುವಿನ ಮನೆಯಲ್ಲಿ ತುಳು, ಇನ್ನೊಂದರ ಮನೆಯಲ್ಲಿ ಕೊಂಕಣಿ, ಮತ್ತೊಂದರ ಮನೆಯಲ್ಲಿ ಉತ್ತರ ಕರ್ನಾಟಕದ ಕನ್ನಡ. ಓಣಿಯಲ್ಲಿ ಎಲ್ಲರಿಗೂ ಮರಾಠಿ ಮತ್ತು ಬಂಬಯಿಯಾ ಹಿಂದಿ. ಪುಸ್ತಕದ ಕನ್ನಡ ಇವರಲ್ಲಿ ಅನೇಕರಿಗೆ ಅರ್ಧ ಪರಿಚಿತ ಮಾತ್ರ. ಮೊದಲ ವಾರದಲ್ಲಿ ಉತ್ತರ ತಪ್ಪಿತೆಂದು ನಗೆಗೀಡಾದ ಮಗು ಬಾಯಿ ಮುಚ್ಚುತ್ತದೆ. ಆ ಮೌನವನ್ನು ಶಿಕ್ಷಕರು ಮಂದಬುದ್ಧಿಯೆಂದು ತಿಳಿಯುವ ಸಂಭವವುಂಟು. ಸಣ್ಣ ಶಾಲೆಯ ಎಲ್ಲ ಚಟುವಟಿಕೆಗಳಿಗಿಂತ ಮೊದಲಿನ ಕೆಲಸವೆಂದರೆ ಈ ಮೌನವನ್ನು ಮುರಿಯುವುದು.

ಇದಕ್ಕೆ ಒಂದು ಕರಿಹಲಗೆ ಸಾಕು. ಊಟದ ಅನ್ನಕ್ಕೆ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿದರೆ ಅನ್ನ, ನುಪ್ಪು, ಶೀತ, ಭಾತ್ ಎಂಬ ನಾಲ್ಕು ಉತ್ತರಗಳು ಬರುತ್ತವೆ. ಕನ್ನಡದ ಬೆಕ್ಕು ತುಳುವಿನಲ್ಲಿ ಪುಚ್ಚೆ, ಮರಾಠಿಯಲ್ಲಿ ಮಾಂಜರ್. ಕಲಬುರಗಿಯ ಮನೆಯ ಜೋಳದ ರೊಟ್ಟಿ ನೆರೆಮನೆಯಲ್ಲಿ ಭಾಕರಿಯಾಗುತ್ತದೆ. ತುಳುವಿನಲ್ಲಿ ಮನೆಗೆ ‘ಇಲ್ಲ್’ ಎನ್ನುತ್ತಾರೆ. ನಿನ್ನ ಪುಸ್ತಕ ಎಲ್ಲಿ ಎಂದು ಕೇಳಿದಾಗ ಮಗು ಆ ಶಬ್ದದಿಂದ ಉತ್ತರ ಆರಂಭಿಸಿದರೆ, ಪುಸ್ತಕ ಇಲ್ಲವೇ ಇಲ್ಲವೆಂದು ಶಿಕ್ಷಕರು ಭಾವಿಸಬಹುದು! ಎಲ್ಲ ಪದಗಳನ್ನೂ ಕನ್ನಡ ಲಿಪಿಯಲ್ಲಿ ಹಲಗೆಯ ಮೇಲೆ ಬರೆದಾಗ, ಮಗು ತನ್ನ ಮನೆಯ ಮಾತು ಅಕ್ಷರವಾಗಿ ನಿಂತುದನ್ನು ನೋಡುತ್ತದೆ. ಅನಂತರ ಪುಸ್ತಕದ ಪದವನ್ನು ಕಲಿಯುವುದು ಕಷ್ಟವಲ್ಲ. ಈ ಪಟ್ಟಿಯನ್ನು ಅಳಿಸದೆ ಗೋಡೆಯ ಕಾಗದಕ್ಕೆ ಇಳಿಸಿ ವರ್ಷವಿಡೀ ಬೆಳೆಸಿದರೆ ಅದೇ ತರಗತಿಯ ನಿಘಂಟು. 2020ರ ಕಾಯಿದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ ವಿಷಯವಾಗಿರುವುದರಿಂದ, ಆ ಪಾಠಕ್ಕೂ ಇದು ನೆರವಾಗುತ್ತದೆ.

ಅಕ್ಷರ ಕಲಿಸುವ ಬಗೆಗೆ ಕರ್ನಾಟಕದ ಅನುಭವವೊಂದು ಇಲ್ಲಿ ಪ್ರಯೋಜನಕಾರಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರ ಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, 1995ರಲ್ಲಿ ಯುನಿಸೆಫ್ ನೆರವಿನಿಂದ ‘ನಲಿಕಲಿ’ ಪದ್ಧತಿಯನ್ನು ಆರಂಭಿಸಿದರು. ಮುಂದೆ ಅದು ಕರ್ನಾಟಕದ ಸರಕಾರಿ ಶಾಲೆಗಳಿಗೆಲ್ಲ ವ್ಯಾಪಿಸಿತು. ಇದರಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು, ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಕಲಿಕೆ ಆರಂಭವಾಗುತ್ತದೆ. ಕೆಲವೇ ದಿನಗಳಲ್ಲಿ ಮಗು ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ತಾನೇ ಕಟ್ಟುತ್ತದೆ. ಐವತ್ತು ಅಕ್ಷರ ಕಲಿತ ಮೇಲೆ ಓದು ಎಂಬ ಹಳೆಯ ಕ್ರಮದಲ್ಲಿ ಮೊದಲ ಪದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಮುಂಬಯಿಯ ಮಗುವಿಗೆ ಇನ್ನೊಂದು ಅನುಕೂಲವುಂಟು: ಈ ಐದಕ್ಷರಗಳಿಂದಲೇ ಆಗುವ ‘ರಸ’ ಮರಾಠಿಯಲ್ಲಿಯೂ ರಸವೇ, ಬೇಸಗೆಯಲ್ಲಿ ಪೂರಿಯೊಡನೆ ತಿನ್ನುವ ಆಮರಸದಲ್ಲಿ ಅದು ಪರಿಚಿತ. ಬಾಲಭಾರತಿಯ ಪುಸ್ತಕವನ್ನು ಕೈಬಿಡದೆಯೇ ಈ ಆಟವನ್ನು ಆಡಿಸಬಹುದು. ಬೇಕಾದುದು ಹಳೆಯ ಲಗ್ನಪತ್ರಿಕೆಗಳ ರಟ್ಟು ಮತ್ತು ಕತ್ತರಿ.

ಸಣ್ಣ ಶಾಲೆಯ ಎರಡನೆಯ ಸಮಸ್ಯೆ ಶಿಕ್ಷಕರ ಸಂಖ್ಯೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ, ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು ಶಿಕ್ಷಕರು ಎಂದಾಗ ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳು ಕೂಡುವುದು ಅನಿವಾರ್ಯ. ಇದನ್ನು ಕೊರತೆಯೆಂದು ಮಾತ್ರ ಎಣಿಸಬೇಕಾಗಿಲ್ಲ. ಹೊಸ ಶಿಕ್ಷಣ ನೀತಿಯು ಒಂದು ಮತ್ತು ಎರಡನೆಯ ತರಗತಿಗಳನ್ನು ಬುನಾದಿ ಹಂತಕ್ಕೂ, ಮೂರರಿಂದ ಐದನ್ನು ಪೂರ್ವಸಿದ್ಧತಾ ಹಂತಕ್ಕೂ ಸೇರಿಸಿರುವುದು ಇಬ್ಬರು ಶಿಕ್ಷಕರ ನಡುವಿನ ಸಹಜ ವಿಭಜನೆಯಂತೆಯೇ ಇದೆ. ಕೋಣೆಯಲ್ಲಿ ಒಂದು ಗುಂಪು ಶಿಕ್ಷಕರೊಡನೆ, ಒಂದು ಗುಂಪು ತಾನೇ, ಒಂದು ಗುಂಪು ದೊಡ್ಡ ಮಕ್ಕಳ ನೆರವಿನಿಂದ ಕೆಲಸ ಮಾಡುತ್ತದೆ. ಚಿಕ್ಕವರಿಗೆ ಕಥೆ ಓದಿಹೇಳಬೇಕಾದ ನಾಲ್ಕನೆಯ ತರಗತಿಯ ಹುಡುಗಿ ಮನೆಯಲ್ಲಿ ಎರಡು ಬಾರಿ ಓದಿಕೊಂಡು ಬರುತ್ತಾಳೆ. ಆದರೆ ದೊಡ್ಡ ಮಕ್ಕಳನ್ನು ದಿನವಿಡೀ ಉಪಶಿಕ್ಷಕರನ್ನಾಗಿ ದುಡಿಸುವುದು ಸರಿಯಲ್ಲ. ಅವರಿಗೂ ಅವರ ಪಾಠವಿದೆ.

ದೊಡ್ಡ ಮಕ್ಕಳ ಪಾಠಕ್ಕೆ ವಿಲೆ ಪಾರ್ಲೆಯ ನೆಲವೇ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ. ಪಕ್ಕದಲ್ಲಿಯೇ ವಿಮಾನ ನಿಲ್ದಾಣವಿದೆ. ವಿಮಾನದ ಸದ್ದಿಗೆ ಪಾಠ ನಿಲ್ಲುವುದು ಹೇಗೂ ತಪ್ಪದು. ಅರ್ಧ ಗಂಟೆಯಲ್ಲಿ ಎಷ್ಟು ಬಾರಿ ನಿಂತಿತೆಂದು ಐದೈದು ಗೆರೆಗಳ ಕಟ್ಟಾಗಿ ಗುರುತು ಹಾಕಿದರೆ ಅದೇ ಅಂಕಿ-ಅಂಶದ ಪಾಠ.

ಇದಕ್ಕಿಂತ ಮುಖ್ಯವಾದುದು ಮಳೆ. ಮುಂಬಯಿಯ ಶಾಲೆಗಳು ಜೂನ್ ತಿಂಗಳಿನಲ್ಲಿ ಮಳೆಯೊಡನೆಯೇ ಆರಂಭವಾಗುತ್ತವೆ. ನೇರ ಅಂಚಿನ ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಇಟ್ಟರೆ ಮಳೆಮಾಪಕ ಸಿದ್ಧ. ಬಾಟಲಿಯ ತಳ ಸಮತಟ್ಟಾಗಿರುವುದಿಲ್ಲವಾದ್ದರಿಂದ ಸ್ವಲ್ಪ ಹರಳು ಮತ್ತು ನೀರು ತುಂಬಿ, ಆ ಮಟ್ಟವನ್ನು ಸೊನ್ನೆಯೆಂದು ಗುರುತಿಸಬೇಕು. ಪ್ರತಿದಿನ ಬೆಳಗ್ಗೆ ಅಳೆದು, ನೀರು ಚೆಲ್ಲಿ, ಪಟ್ಟಿಯಲ್ಲಿ ಬರೆಯುವುದು ಸರದಿಯ ಕೆಲಸ. ನೆರೆಯ ಸಾಂತಾಕ್ರೂಜ್‌ನಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯವಿರುವುದರಿಂದ, ಪತ್ರಿಕೆಯಲ್ಲಿ ಬರುವ ಅಲ್ಲಿಯ ಅಂಕಿಯೊಡನೆ ತಮ್ಮ ಅಂಕಿಯನ್ನು ಮಕ್ಕಳು ಹೋಲಿಸಬಹುದು. ವ್ಯತ್ಯಾಸ ಬಂದರೆ ತಪ್ಪೆಂದು ಹೊಡೆದುಹಾಕದೆ, ಏಕೆ ಬಂದಿತೆಂದು ವಿಚಾರಿಸುವುದೇ ವಿಜ್ಞಾನ.

2005ರ ಜುಲೈ 26ರ ಮಹಾಮಳೆಯಲ್ಲಿ ಇದೇ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ನಗರದ ಕೊಲಾಬಾದಲ್ಲಿ 75 ಮಿಲಿಮೀಟರಿಗಿಂತಲೂ ಕಡಿಮೆ. ಪುಸ್ತಕದಲ್ಲಿ ಈ ಸಂಖ್ಯೆ ಕೇವಲ ಸಂಖ್ಯೆ. ತರಗತಿಯ ಗೋಡೆಯ ಮೇಲೆ ನೆಲದಿಂದ 94 ಸೆಂಟಿಮೀಟರ್ ಎತ್ತರದಲ್ಲಿ ಸೀಮೆಸುಣ್ಣದ ಗೆರೆ ಎಳೆದರೆ, ಅದು ಒಂದನೆಯ ತರಗತಿಯ ಮಗುವಿನ ಕುತ್ತಿಗೆಯ ಹತ್ತಿರಕ್ಕೂ ಐದನೆಯ ತರಗತಿಯ ಮಗುವಿನ ಎದೆಗೂ ಬರುತ್ತದೆ. ಬಿದ್ದ ನೀರು ಹರಿಯದೆ ನಿಂತಿದ್ದರೆ ಇಷ್ಟು. ಹರಿದು ತಗ್ಗಿನಲ್ಲಿ ಕೂಡಿದಾಗ ಎಷ್ಟಾಗಿರಬಹುದೆಂಬ ಪ್ರಶ್ನೆಯನ್ನು ಶಿಕ್ಷಕರು ಕೇಳುವ ಮೊದಲೇ ಮಕ್ಕಳು ಕೇಳುತ್ತಾರೆ. ತಗ್ಗಿನ ಬಸ್ತಿಗಳಲ್ಲಿ ವಾಸಿಸುವವರಿಗೆ ಇದು ಮನೆಯ ಪ್ರಶ್ನೆ.

ಮಳೆ ನಿಂತು ದೀಪಾವಳಿ ಕಳೆದ ಮೇಲೆ ಉಪ್ಪಿನ ಪಾಠ. ಮಳೆಗಾಲದಲ್ಲಿ ಇದನ್ನು ಮಾಡಹೊರಟರೆ ತಟ್ಟೆ ಒಣಗುವುದಿಲ್ಲ, ಉಪ್ಪೂ ಕಾಣುವುದಿಲ್ಲ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ವಿಲೆ ಪಾರ್ಲೆಯಲ್ಲಿ ಸತ್ಯಾಗ್ರಹಿಗಳ ಶಿಬಿರವಿದ್ದಿತು. ಜಮ್ನಾಲಾಲ್ ಬಜಾಜರು ಅದರ ನೇತೃತ್ವ ವಹಿಸಿ ಬಂಧನಕ್ಕೊಳಗಾದರು. ಅದೇ ಏಪ್ರಿಲ್ ತಿಂಗಳಿನಲ್ಲಿ ಉತ್ತರ ಕನ್ನಡದ ಅಂಕೋಲೆಯಲ್ಲಿಯೂ ಕಾನೂನುಭಂಗ ನಡೆಯಿತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಜುಹೂ ತೀರದ ನೀರು ಶುದ್ಧವಲ್ಲದ ಕಾರಣ, ಒಂದು ಲೋಟ ನೀರಿಗೆ ಚಮಚ ತುಂಬ ಉಪ್ಪು ಕರಗಿಸಿ, ಅಗಲವಾದ ತಟ್ಟೆಗಳಲ್ಲಿ ಹಾಕಿ ಕಿಟಕಿಯ ಬಳಿ ಇಡುವುದು ಲೇಸು. ನೀರು ಎಲ್ಲಿ ಹೋಯಿತೆಂದು ಕೇಳಿದಾಗ ‘ತಟ್ಟೆ ಕುಡಿಯಿತು’ ಎನ್ನುವ ಮಗು ಇದ್ದೇ ಇರುತ್ತದೆ. ಅದನ್ನು ತಿದ್ದುವ ಅವಸರ ಬೇಡ. ಮಣ್ಣಿನ ತಟ್ಟೆಯೊಂದನ್ನೂ ಗಾಜಿನ ತಟ್ಟೆಯೊಂದನ್ನೂ ಇಟ್ಟು, ಒಂದನ್ನು ನೆರಳಿನಲ್ಲಿರಿಸಿ, ಒಂದಕ್ಕೆ ಮುಚ್ಚಳ ಹಾಕಿ ನೋಡೋಣವೆಂದರೆ ಉತ್ತರ ತಾನಾಗಿ ಬರುತ್ತದೆ. ಕೈಗೆ ಉಪ್ಪಿನ ಹರಳು ಬಂದ ಮೇಲೆ, ಇದನ್ನು ಮಾಡಿದ್ದಕ್ಕೆ ಜನರನ್ನು ಸೆರೆಮನೆಗೆ ಕಳುಹಿಸಿದರೇ ಎಂಬ ಮಕ್ಕಳ ಬೆರಗಿನಿಂದಲೇ ಇತಿಹಾಸದ ಪಾಠವನ್ನು ಆರಂಭಿಸಬಹುದು.

ಇಂಥ ಚಟುವಟಿಕೆಗೆ ಹಣ ಬೇಕೆಂಬ ದೂರು ಹೊಸದಲ್ಲ. ವಿಲೆ ಪಾರ್ಲೆಯ ಮೂಲಕ ಹಾಯುವ ಪಶ್ಚಿಮ ರೈಲುಮಾರ್ಗದಲ್ಲಿಯೇ ಉತ್ತರಕ್ಕೆ, ಡಹಾಣೂ ತಾಲೂಕಿನ ಬೋರ್ಡಿಯಲ್ಲಿ, ತಾರಾಬಾಯಿ ಮೋಡಕರು 1945ರಲ್ಲಿ ಬಾಲಶಿಕ್ಷಣ ಕೇಂದ್ರವನ್ನು ಆರಂಭಿಸಿದರು. 1957ರಲ್ಲಿ ಅದು ಕೋಸಬಾಡಕ್ಕೆ ಸ್ಥಳಾಂತರಗೊಂಡಿತು. ಮಾಂಟೆಸೊರಿಯ ದುಬಾರಿ ಉಪಕರಣಗಳಿಗೆ ಬದಲು ಬೀಜ, ಚಿಪ್ಪು, ಹರಳು, ಎಲೆಗಳನ್ನು ಅವರೂ ಅನುತಾಯಿ ವಾಘರೂ ಬಳಸಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅಂಗಳಕ್ಕೂ ದನ ಮೇಯುವ ಬಯಲಿಗೂ ಒಯ್ದರು. 2023ರಲ್ಲಿ ಕೇಂದ್ರ ಸರಕಾರವು ಬುನಾದಿ ಹಂತದ ಮಕ್ಕಳಿಗೆ ಆಟಿಕೆ, ಒಗಟು, ಚಿತ್ರಪಟಗಳ ‘ಜಾದೂಯಿ ಪಿಟಾರಾ’ವನ್ನು ಬಿಡುಗಡೆ ಮಾಡಿತು. ಪೆಟ್ಟಿಗೆ ಬಂದರೆ ಒಳ್ಳೆಯದು. ಆದರೆ ಹಾಳಾದೀತೆಂದು ಬೀಗ ಹಾಕಿಟ್ಟ ಪೆಟ್ಟಿಗೆಗಿಂತ, ಮಕ್ಕಳ ಕೈಯಲ್ಲಿ ಮಾಸಿದ ಬಿಸ್ಕತ್ತಿನ ಹೊದಿಕೆ ಹೆಚ್ಚು ಕಲಿಸುತ್ತದೆ. ಈ ಊರಿನ ಹೆಸರನ್ನು ದೇಶಕ್ಕೆಲ್ಲ ಒಯ್ದ ಬಿಸ್ಕತ್ತಿನ ಕಾರ್ಖಾನೆ 1929ರಿಂದ 2016ರವರೆಗೆ ಇಲ್ಲಿತ್ತು. ಆ ಹೊದಿಕೆಯ ಮೇಲೆ ಬೆಲೆಯಿದೆ, ತೂಕವಿದೆ, ತಯಾರಿಯ ದಿನಾಂಕವಿದೆ. ಎರಡು ಗಾತ್ರದ ಪೊಟ್ಟಣಗಳಲ್ಲಿ ಯಾವುದು ಲಾಭವೆಂಬ ಲೆಕ್ಕವನ್ನು ಮಗು ಮನೆಗೂ ಒಯ್ಯುತ್ತದೆ.

ಪ್ರದರ್ಶನಕ್ಕಾಗಿ ಶಿಕ್ಷಕರೇ ರಾತ್ರಿ ಕುಳಿತು ಮಾದರಿ ತಯಾರಿಸಿ, ಅಧಿಕಾರಿ ಬಂದ ದಿನ ಮಕ್ಕಳ ಕೈಗೆ ಕೊಡುವುದೂ ಉಂಟು. ಅದರಿಂದ ಕಲಿಯುವವರು ಶಿಕ್ಷಕರು ಮಾತ್ರ.

ತಂದೆತಾಯಿಗಳ ಸಭೆಗೆ ಯಾರೂ ಬರುವುದಿಲ್ಲವೆಂಬ ಮಾತು ಸಾಮಾನ್ಯ. ಹೋಟೆಲಿನಲ್ಲಿ ದುಡಿಯುವ ತಂದೆಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಗಿರಾಕಿಗಳು ಬರುವ ಮುನ್ನ ಒಂದೆರಡು ಗಂಟೆ ಬಿಡುವು. ಸಭೆಯನ್ನು ಆ ಹೊತ್ತಿಗೆ ಕರೆದು, ಮಾತಿಗೆ ಬದಲು ಕೆಲಸ ಕೊಟ್ಟರೆ ಬರುವವರು ಹೆಚ್ಚುತ್ತಾರೆ. ಹೂವು ಕಟ್ಟಿ ಮಾರುವ ತಾಯಿಯೊಬ್ಬಳು ತರಗತಿಗೆ ಬಂದು ತನ್ನ ಮೊಳದಿಂದ ಮಾಲೆಯನ್ನು ಅಳೆದು ತೋರಿಸಲಿ. ಅದೇ ಮಾಲೆಯನ್ನು ಶಿಕ್ಷಕರೂ ಅಳೆಯಲಿ, ಎರಡನೆಯ ತರಗತಿಯ ಮಗುವೂ ಅಳೆಯಲಿ. ಒಬ್ಬರಿಗೆ ನಾಲ್ಕು ಮೊಳ, ಇನ್ನೊಬ್ಬರಿಗೆ ನಾಲ್ಕಕ್ಕೆ ಕಡಿಮೆ, ಮಗುವಿಗೆ ಆರಕ್ಕೂ ಮೇಲೆ. ಮಾರುವಾಗ ಯಾರ ಮೊಳ, ಕೊಳ್ಳುವಾಗ ಯಾರ ಮೊಳ ಎಂಬ ವಾದ ಎದ್ದಾಗ ಅಡಿಪಟ್ಟಿಯನ್ನು ಮೇಜಿನ ಮೇಲಿಡಬಹುದು.